ನಿಧಾನ ನಾಡಿಯ ವಂಶಸ್ಥರು

ಹೇಳಿಕೊಳ್ಳುವಂಥ ಗುಣ ನನ್ನಲ್ಲಿ ಒಂದೂ ಇರಲಿಲ್ಲ. ಹಾಗಾಗಿ ತಿಪಟೂರಿನ ಡಾಕ್ಟರು ನನ್ನ ಕೈ ಹಿಡಿದು, ಗಡಿಯಾರ ನೋಡಿ, "ನಿಮಿಷಕ್ಕೆ ಐವತ್ತೇ ಬಡೀತಿದೆಯಲ್ರೀ ಮೇಷ್ಟ್ರೇ" ಎಂದಾಗ ಮೊದಲು ಹೆದರಿದೆ, ಆಮೇಲೆ ಉಬ್ಬಿದೆ. ತಲೆ ಸುತ್ತುತ್ತದೆಯೇ, ಎಚ್ಚರ ತಪ್ಪಿತ್ತೇ, ನಡೆದರೆ ಏದುಸಿರು ಬರುತ್ತದೆಯೇ ಎಂದು ಕೇಳಿದರು. ಯಾವುದೂ ಇಲ್ಲವೆಂದೆ. "ದಿನಾ ನಿಮ್ಮೂರು ಹಾಲ್ಕುರಿಕೆಯಿಂದ ಸ್ಕೂಲಿಗೆ ಸೈಕಲ್ ತುಳಿಯೋರಿಗೆ ಹೀಗಿರಬಹುದು. ಔಷಧಿ ಬೇಡ. ಆದ್ರೆ ಇವುಗಳಲ್ಲಿ ಒಂದು ಕಾಣಿಸಿದ್ರೂ ಓಡಿ ಬನ್ನಿ" ಎಂದರು. ಮಾತಿನ ಮೊದಲರ್ಧವನ್ನು ಊರಿಗೆಲ್ಲ ಹಂಚಿದೆ. ಉಳಿದರ್ಧ ಸೈಕಲ್ ಹತ್ತುವಷ್ಟರಲ್ಲೇ ಮರೆತುಹೋಗಿತ್ತು.

ಅಂದಿನಿಂದ ಕಂಡಕಂಡವರ ಕೈ ಹಿಡಿದು ನಾಡಿ ಎಣಿಸತೊಡಗಿದೆ. ನಮ್ಮ ಹೆಡ್‌ಮೇಷ್ಟ್ರದು ತೊಂಬತ್ತು ಬಂದಾಗ ನಾನು ತೋರಿಸಿದ ಮರುಕಕ್ಕೆ ಅವರು ನನ್ನ ರಜೆಯನ್ನೇ ಮಂಜೂರು ಮಾಡಲಿಲ್ಲ. ಹೆಂಡತಿ ಸರೋಜ ಮಾತ್ರ, "ನಾಡಿ ಒಂದೇ ಅಲ್ಲ ಕಣ್ರೀ, ನಿಮ್ದು ಎಲ್ಲಾನೂ ನಿಧಾನ. ಹಂಡೆಗೆ ಉರಿ ಹಾಕಿ ಅಂತ ಹೇಳಿ ಒಂದ್ ಗಂಟೆ ಆಯ್ತು" ಎಂದಳು. ಕೊನೆಗೆ ಅವ್ವನ ಕೈ ಹಿಡಿದೆ. ನಲವತ್ತು!

"ಅವ್ವಾ, ನನಗಿಂತ ಹತ್ತು ಕಮ್ಮಿ ಕಣವ್ವ! ನಮ್ದೇ ಬೇರೆ ತಳಿ!"

"ಅದೇನೋ ಕಣಪ್ಪ, ಅಟ್ಟ ಹತ್ತಿದ್ರೆ ತಲೆ ಗಿರ್ರಂತದೆ" ಎಂದಳು ಅವ್ವ.

ಅಟ್ಟದ ಮೇಲೆ ಬರುವ ತಲೆಸುತ್ತನ್ನು ನಮ್ಮ ಕಡೆ ಯಾರೂ ಕಾಯಿಲೆ ಎನ್ನುವುದಿಲ್ಲ. ಹೆಚ್ಚುಕಮ್ಮಿ ವರ್ಷವಿಡೀ ಅಲ್ಲಿ ಕಾಯಿ ಒಣಗಿ ಕೊಬ್ಬರಿಯಾಗುತ್ತದೆ. ಮೇಲೆ ಹೆಂಚಿನ ಕಾವು, ಕೆಳಗಿನಿಂದ ಒಲೆಯ ಹೊಗೆ. ಒಳಗಿನ ಗಿಟುಕು, ಅಂದರೆ ಇಡೀ ಕೊಬ್ಬರಿಯ ಉಂಡೆ, ಚಿಪ್ಪಿನಿಂದ ಬಿಟ್ಟುಕೊಂಡಿದೆಯೇ ಎಂದು ಒಂದೊಂದೇ ಕಾಯಿ ಅಲ್ಲಾಡಿಸಿ ನೋಡಿ ಇಳಿಯುವವರೆಲ್ಲ ಓಲಾಡಿಕೊಂಡೇ ಇಳಿಯುತ್ತಾರೆ. "ಅದು ಅಟ್ಟದ ಸೆಕೆ, ಬುಡವ್ವ" ಎಂದೆ.

ಮುಂದಿನ ವಾರ ಅವ್ವ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಸರೋಜ ನೀರು ಚಿಮುಕಿಸುತ್ತ, "ಇಲ್ಲಿ ಯಾವ್ ಅಟ್ಟ ಇದೆ ಹೇಳ್ರೀ!" ಎಂದು ಕೂಗಿದಳು. ಅವ್ವ ಹೋಗಿಯೇಬಿಟ್ಟಳೆಂದು ಅತ್ತುಬಿಟ್ಟೆ. ಅವಳು ಕಣ್ಣು ಬಿಟ್ಟಳು. ಪಕ್ಕದ ಮನೆಯವರ ಜೀಪಿನಲ್ಲಿ ತಿಪಟೂರಿಗೆ ಓಡಿದೆವು.

"ನಲವತ್ತು ಅಂತ ಗೊತ್ತಿತ್ತು. ತಲೆ ಸುತ್ತುತ್ತೆ ಅಂತಾನೂ ಗೊತ್ತಿತ್ತು. ಆದ್ರೂ ಸುಮ್ನಿದ್ರಾ? ನಾಡಿ ನಿಧಾನ ಅನ್ನೋದು ಇಬ್ಬರಿಗೂ ಒಂದೇ ಇರಬಹುದು, ಕಾಯಿಲೆ ಇರೋದು ಅವರಿಗೆ ಕಣ್ರೀ!" ಎಂದು ಡಾಕ್ಟರು ಚೆನ್ನಾಗಿ ಉಗಿದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಅವ್ವನ ಎದೆಯ ಚರ್ಮದಡಿ ಬ್ಯಾಟರಿಯ ಪೇಸ್‌ಮೇಕರ್ ಇಟ್ಟರು.

ಈಗ ಅವ್ವ ಗಟ್ಟಿಯಾಗಿದ್ದಾಳೆ. ನೋಡಲು ಬಂದವರಿಗೆಲ್ಲ, "ನನ್ ಮಗ ನಾಡಿ ಹಿಡಿದು ಮೊದ್ಲೇ ಕಂಡುಹಿಡಿದ. ಇಲ್ದಿದ್ರೆ ನಾನೆಲ್ಲಿರ್ತಿದ್ದೆ?" ಎನ್ನುತ್ತಾಳೆ. ಸರೋಜ ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಾಳೆ. ನಾನು ತಲೆ ತಗ್ಗಿಸುತ್ತೇನೆ. ಬಂದವರು ಅದನ್ನು ವಿನಯ ಎಂದುಕೊಂಡು ಇನ್ನಷ್ಟು ಹೊಗಳಿ ಹೋಗುತ್ತಾರೆ.