ಇಟಲಿ ಸುತ್ತಿಕೊಂಡು ವೆನಿಸಿಗೆ

ಸಂಗತಿಗಳು ಇಂತಿವೆ.

ಒಂದು: ವೆನಿಸ್ ನಗರವು ಇಟಲಿ ದೇಶದಲ್ಲಿದೆ.

ಎರಡು: ೧೯೯೪ರ ಬೇಸಿಗೆಯಲ್ಲಿ ವರ್ಜೀನಿಯಾದ ಸೆಂಟರ್‌ವಿಲ್ ನಿವಾಸಿ ಕೇಶವಮೂರ್ತಿ, ಆತನ ಪತ್ನಿ ಕಾತ್ಯಾಯಿನಿ ಮತ್ತು ಮಗಳು ಅಮೂಲ್ಯಾ ಆ ನಗರಕ್ಕೆ ಹೋದರು.

ಮೂರು: ಅವರು ಸುರಕ್ಷಿತವಾಗಿ ಮರಳಿದರು.

ನಾಲ್ಕು: ಅವರು ಹೋಗಿರಲಿಲ್ಲ.

ನಾಲ್ಕನೆಯ ಸಂಗತಿಯು ಎರಡನೆಯದಕ್ಕೆ ವಿರುದ್ಧವಾಗಿದೆಯೆಂದು ಯಾರಿಗಾದರೂ ತೋರಿದರೆ, ಅವರು ಪೊಟೋಮ್ಯಾಕ್ ತೀರದ ಕನ್ನಡ ಬಾಂಧವರ ಪರಿಷತ್ತಿನ ಸದಸ್ಯರಲ್ಲವೆಂದು ತಿಳಿಯತಕ್ಕದ್ದು. ಸದಸ್ಯರಿಗೆ ಇಂಥ ಗೊಂದಲವಿಲ್ಲ. ಪರಿಷತ್ತಿನ ನಿಯಮಾವಳಿ ಈ ಬಗ್ಗೆ ಸ್ಪಷ್ಟವಾಗಿದೆ: "ಕ್ಯಾಸೆಟ್ಟಿನಲ್ಲಿ ಕಾಣದ ಊರಿಗೆ ಯಾವ ಸದಸ್ಯನೂ ಹೋಗಿರತಕ್ಕದ್ದಲ್ಲ."

ನಿಯಮಕ್ಕೆ ಕಾರಣವಿತ್ತು. ಹಿಂದೊಮ್ಮೆ ಒಬ್ಬ ಹಿರಿಯ ಸದಸ್ಯರು ಸ್ವಿಟ್ಜರ್ಲೆಂಡಿನ ಕುರಿತು ಎರಡು ಯುಗಾದಿಗಳಲ್ಲಿ ಉಪನ್ಯಾಸ ಮಾಡಿ, ಹತ್ತಾರು ಕುಟುಂಬಗಳಿಗೆ ಹೋಟೆಲು ಸೂಚಿಸಿ, ಕಡೆಗೆ ತಾವು ನೋಡಿದ್ದು ಬೆಂಗಳೂರಿಗೆ ಹೋಗುವ ದಾರಿಯಲ್ಲಿ ವಿಮಾನ ನಿಲ್ದಾಣದ ಕಿಟಕಿಯಿಂದ ಕಂಡಷ್ಟನ್ನು ಮಾತ್ರ ಎಂದು ಒಪ್ಪಿಕೊಂಡಿದ್ದರು. ಅದಾದ ಮೇಲೆ ಪ್ರವಾಸ ದೃಢೀಕರಣ ಉಪಸಮಿತಿ ಸ್ಥಾಪನೆಯಾಯಿತು. ಎಲಿಕಾಟ್ ಸಿಟಿಯ ಹೃದಯತಜ್ಞ ಡಾ. ಸೋಮಲಿಂಗಪ್ಪನವರು ಅದರ ಅಧ್ಯಕ್ಷರು. ಅವರ ಬೇಸ್‌ಮೆಂಟಿನಲ್ಲಿ ಗೋಡೆಯಗಲದ ಟೀವಿಯಿದ್ದುದು ಅವರ ಅರ್ಹತೆ. ಅದೇ ಬೀದಿಯ ಶ್ರೀಮತಿ ಅಲಮೇಲು ಸಂಚಾಲಕಿ. ಆ ಟೀವಿಯ ರಿಮೋಟನ್ನು ಒಮ್ಮೆ ಹಿಡಿದವರು ಬಿಟ್ಟುಕೊಡದಿದ್ದುದು ಅವರ ಅರ್ಹತೆ.

ಪ್ರವಾಸದಿಂದ ಬಂದ ಕುಟುಂಬವು ಉಪಸಮಿತಿಗೆ ಕ್ಯಾಸೆಟ್ ತೋರಿಸಿ, ದೃಢೀಕರಣಪೂರ್ವ ಭೋಜನವನ್ನು ಬಡಿಸಬೇಕು. ಪ್ರವಾಸ ದೃಢಪಟ್ಟರೆ ಅಭಿನಂದನಾ ಭೋಜನ, ದೃಢಪಡದಿದ್ದರೆ ಸಾಂತ್ವನ ಭೋಜನ. ಅಡುಗೆ ಮಾತ್ರ ಎಲ್ಲ ಸಂದರ್ಭಗಳಲ್ಲೂ ಅರ್ಜಿದಾರರದೇ. ಇದರಿಂದ ಉಪಸಮಿತಿಯ ನಿಷ್ಪಕ್ಷಪಾತಕ್ಕೆ ಧಕ್ಕೆ ಬರದಂತೆ ನೋಡಿಕೊಳ್ಳಲಾಗಿತ್ತು.

ಕೇಶವಮೂರ್ತಿಗೆ ದೃಢೀಕರಣ ಅಗತ್ಯವಾಗಿತ್ತು. ಪರಿಷತ್ತಿನ ಪದವಿಗಳು ಬಹುಕಾಲದಿಂದ ಡಾಕ್ಟರುಗಳ ನಡುವೆಯೇ ಸುತ್ತುತ್ತಿದ್ದವು. ಕೇಶವಮೂರ್ತಿಯಂತೆ ಕೆಲಸದ ವೀಸಾದಲ್ಲಿ ಬಂದ ಕಂಪ್ಯೂಟರಿನವರಿಗೆ ಕುರ್ಚಿ ಜೋಡಿಸುವ ಹೊಣೆ ಮೀಸಲಾಗಿತ್ತು. ಜಂಟಿ ಕಾರ್ಯದರ್ಶಿಯಾದರೆ ಕುರ್ಚಿಯ ಮೇಲೆ ಕೂರಬಹುದು. ಆದರೆ ಪ್ರವಾಸ ದೃಢಪಡದ ಗೃಹಸ್ಥನು ಪದಾಧಿಕಾರಿಯಾಗತಕ್ಕದ್ದಲ್ಲ.

ಕಾತ್ಯಾಯಿನಿಗೆ ಬೇಕಾಗಿದ್ದುದು ಬೇರೆ. ಮದುವೆಗೆ ಮುಂಚೆ ಅವಳು ಮೈಸೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದಳು. ತಾನು ನೋಡಿರದ ವೆನಿಸನ್ನು ಪ್ರತಿ ವರ್ಷವೂ ಸೀಮೆಸುಣ್ಣದಲ್ಲಿ ಬರೆದು, ಗಂಟೆ ಹೊಡೆದ ಮೇಲೆ ತಾನೇ ಅಳಿಸುತ್ತಿದ್ದಳು. ಅಮೆರಿಕಕ್ಕೆ ಬಂದ ಮೇಲೆ, ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರವಾದ್ದರಿಂದ, ಅವಳು ಭೂಗೋಳವನ್ನು ಕಲಿಸುವುದೂ ನಿಂತಿತ್ತು. ಎರಡು ಬೇಸಿಗೆ ಊರಿಗೆ ಹೋಗದೆ ರಜೆ ಉಳಿಸಿ ವೆನಿಸಿಗೆ ಹೋಗೋಣವೆಂದು ಹಠ ಹಿಡಿದವಳು ಅವಳೇ. ಕಪ್ಪು ಹಲಗೆಯ ಊರನ್ನು ಅವಳು ಕಣ್ಣಾರೆ ಕಂಡಳು. ಇನ್ನು ಅದನ್ನು ಯಾರೂ ಅಳಿಸದಿದ್ದರೆ ಸಾಕಾಗಿತ್ತು.

ಅಳಿಸುವ ಕೆಲಸವು ಕ್ಯಾಮ್‌ಕಾರ್ಡರಿನಿಂದ ಆರಂಭವಾಯಿತು.

ಕೇಶವಮೂರ್ತಿ ಅದನ್ನು ಪ್ರವಾಸಕ್ಕೆಂದೇ ಕೊಂಡಿದ್ದ. ಗುಂಡಿ ಒತ್ತಿದರೆ ಕಿಂಡಿಯೊಳಗೆ ಒಂದು ಕೆಂಪು ಚುಕ್ಕಿ ಮೂಡುತ್ತಿತ್ತು, ಮತ್ತೆ ಒತ್ತಿದರೆ ಆರುತ್ತಿತ್ತು. ಬಳಕೆಯ ಪುಸ್ತಕವನ್ನು ಓದುವುದು ವೃತ್ತಿಗೆ ಅವಮಾನವೆಂದು ಭಾವಿಸಿದ ಆತ, ತರ್ಕದಿಂದ ಮುಂದುವರಿದ.

"ಕೆಂಪು ಅಂದ್ರೆ ಸ್ಟಾಪ್ ಕಣೇ," ಎಂದ. "ಟ್ರಾಫಿಕ್ ಲೈಟ್ ನೋಡಿಲ್ವಾ?"

"ರೀ, ಒಂದ್ಸಲ ಹಾಕಿ ನೋಡಬಾರದಾ?"

"ಬ್ಯಾಟರಿ ವೇಸ್ಟ್. ಮನೇಲಿ ನೋಡೋಣ."

ಹೀಗಾಗಿ ಕೇಶವಮೂರ್ತಿ ಚರ್ಚು, ಸೇತುವೆ, ಪಾರಿವಾಳ, ಗೊಂಡೋಲಾಗಳನ್ನು ಅತ್ಯಂತ ಶ್ರದ್ಧೆಯಿಂದ, ಒಂದು ಕಣ್ಣು ಮುಚ್ಚಿಕೊಂಡು, ಯಂತ್ರವು ವಿಶ್ರಾಂತಿಯಲ್ಲಿದ್ದಾಗ ಚಿತ್ರೀಕರಿಸಿದ. ಚಿತ್ರೀಕರಣ ಮುಗಿಸಿ ಕ್ಯಾಮೆರಾವನ್ನು ಕೊರಳಿಗೆ ನೇತುಹಾಕಿಕೊಂಡಾಗ ಯಂತ್ರವು ಕೆಲಸ ಮಾಡಿತು.

ಮೂರನೆಯ ಮಧ್ಯಾಹ್ನ ಅವರು ಒಂದು ಕಾಲುವೆಯ ಮೆಟ್ಟಿಲಲ್ಲಿ ಕೂತು ಪುಳಿಯೋಗರೆ ತಿಂದರು. ಪಾಚಿ ಕಟ್ಟಿದ ಕೆಳಗಿನ ಮೆಟ್ಟಿಲಲ್ಲಿ ಕಾತ್ಯಾಯಿನಿ ನೀರಿಗೆ ಕಾಲು ಇಳಿಬಿಟ್ಟಳು. ಅಮೂಲ್ಯಾಳ ಒಂದು ಚಪ್ಪಲಿ ಜಾರಿ ತೇಲಿಹೋಯಿತು. ಹಾದುಹೋಗುತ್ತಿದ್ದ ಅಂಬಿಗನೊಬ್ಬ ಅದನ್ನು ಹುಟ್ಟಿನ ತುದಿಯಲ್ಲಿ ಎತ್ತಿ, ರಾಜಕುಮಾರಿಗೆ ಒಪ್ಪಿಸುವಂತೆ ಬಾಗಿ ಒಪ್ಪಿಸಿದ. ಕಾತ್ಯಾಯಿನಿ ನಕ್ಕಳು. ಅಂಥ ನಗು ತನ್ನಲ್ಲಿ ಇನ್ನೂ ಉಳಿದಿದೆಯೆಂದು ಅವಳಿಗೇ ತಿಳಿದಿರಲಿಲ್ಲ.

ಆಗಸ್ಟಿನ ಒಂದು ಶನಿವಾರ ಡಾಕ್ಟರ ಬೇಸ್‌ಮೆಂಟಿನಲ್ಲಿ ದೃಢೀಕರಣಪೂರ್ವ ಭೋಜನ ನಡೆಯಿತು. ಬಿಸಿಬೇಳೆಬಾತು, ಮದ್ದೂರು ವಡೆ ಮತ್ತು ಜಾಮೂನುಗಳನ್ನು ಉಪಸಮಿತಿಯು ಕೂಲಂಕಷವಾಗಿ ಪರಿಶೀಲಿಸಿತು. ಹೊರಡುವ ಮುನ್ನ ಅಲಮೇಲು ಅವರು ಬೇಡಿಕೆಯಿಟ್ಟಿದ್ದುದು ವೆನಿಸಿನ ಗಾಜಿನ ಗಣಪತಿ. ಅಲ್ಲಿ ಸಿಕ್ಕಿದ್ದು ಗಾಜಿನ ಕುದುರೆ. ಕುದುರೆಯನ್ನು ಗಣಪತಿಯೆಂದು ಅಂಗೀಕರಿಸಲಾಯಿತು. ಅನಂತರ ದೀಪ ಆರಿಸಿ ಕ್ಯಾಸೆಟ್ ಹಾಕಲಾಯಿತು.

ಪರದೆಯ ಮೇಲೆ ಕೇಶವಮೂರ್ತಿಯ ಬೂಟುಗಳು ಕಾಣಿಸಿದವು. ಅವು ನಡೆದವು. ನಿಂತವು. ಮತ್ತೆ ನಡೆದವು. ಒಮ್ಮೆ ಕ್ಯಾಮೆರಾ ತಿರುಗಿ ಅಂಗಿಯ ಗುಂಡಿಯೊಂದು ಬಹುಹೊತ್ತು ಕಾಣಿಸಿತು.

"ಇದು ಯಾವ ಚರ್ಚು?" ಎಂದು ಡಾ. ಸೋಮಲಿಂಗಪ್ಪನವರು ವಿಚಾರಿಸಿದರು.

"ಹೊಟ್ಟೆ, ಡಾಕ್ಟ್ರೇ," ಎಂದ ಕೇಶವಮೂರ್ತಿ.

ಆಗ ಬೂಟುಗಳ ಹಿಂದಿನಿಂದ ನೀರು ಕಲ್ಲಿಗೆ ಬಡಿಯುವ ಸದ್ದು ಬಂತು. "ನೂರಕ್ಕಿಂತ ಹೆಚ್ಚು ದ್ವೀಪ ಪುಟ್ಟಾ, ಎಲ್ಲಾ ಮರದ ಕಂಬಗಳ ಮೇಲೆ ನಿಂತಿದೆ," ಎಂಬ ಹೆಣ್ಣುದನಿ ಬಂತು. "ಅಮ್ಮಾ, ನನ್ನ ಚಪ್ಪಲ್!" ಎಂಬ ಕೂಗು ಬಂತು. ಅದರ ಹಿಂದೆ ನಗು ಬಂತು. ಕತ್ತಲೆಯಲ್ಲಿ ಕೂತಿದ್ದ ಕಾತ್ಯಾಯಿನಿ ತಾನು ನಗುವುದನ್ನು ಮೊದಲ ಬಾರಿ ಹೊರಗಿನಿಂದ ಕೇಳಿಸಿಕೊಂಡಳು. ಅಲಮೇಲು ಅವರು ರಿಮೋಟ್ ಒತ್ತಿದರು. ನಗು ಅರ್ಧಕ್ಕೆ ನಿಂತಿತು.

"ದನಿ ಲೆಕ್ಕಕ್ಕಿಲ್ಲಮ್ಮ," ಎಂದರು. "ಕಾಣಬೇಕು ಅಂತ ರೂಲ್ ಇದೆ. ಕೇಳಬೇಕು ಅಂತ ಇಲ್ಲ."

"ಪಾಸ್‌ಪೋರ್ಟಲ್ಲಿ ಸೀಲು ಇದೆ, ಆಂಟಿ," ಎಂದಳು ಕಾತ್ಯಾಯಿನಿ.

"ಅವರು ಒಳಗೆ ಬಿಟ್ಟಿದ್ದಕ್ಕೆ ಸೀಲು ಸಾಕ್ಷಿ. ನೀವು ನೋಡಿದ್ದಕ್ಕಲ್ಲ."

"ಗಾಜಿನ ಕುದುರೆ?"

"ಗಣಪತಿ," ಎಂದು ಅಲಮೇಲು ಅವರು ತಿದ್ದಿದರು. "ಗಣಪತಿ ಎಲ್ಲಾ ಕಡೆ ಸಿಗ್ತಾನೆ."

"ಡಾಕ್ಟ್ರೇ, ನಾನು ನೋಡಿದೀನಿ. ಈ ಕಣ್ಣಲ್ಲಿ."

ಡಾ. ಸೋಮಲಿಂಗಪ್ಪನವರು ಅವಳ ಕಣ್ಣುಗಳನ್ನು ಸಹಾನುಭೂತಿಯಿಂದ ನೋಡಿ, ಅವುಗಳನ್ನು ವಿಸಿಆರ್‌ಗೆ ಹಾಕಲು ಬರುವುದಿಲ್ಲವೆಂದು ವಿಷಾದಿಸಿದರು. ಕುಟುಂಬವು ವೆನಿಸಿಗೆ ಹೋಗಿರಲಿಲ್ಲವೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮುಂದಿನ ವಾರ ಸಾಂತ್ವನ ಭೋಜನ ನಡೆಯಿತು. ಶ್ಯಾವಿಗೆ ಪಾಯಸವು ಎಲ್ಲರಿಗೂ ಸಾಂತ್ವನ ನೀಡಿತು.

ಪಾಯಸದ ನಂತರ ಉಪಸಮಿತಿಯು ಕನಿಕರ ತೋರಿತು. ಯಾಂತ್ರಿಕ ದೋಷದಿಂದ ಹೋಗದೆ ಉಳಿದವರಿಗೆ ಸ್ಥಳೀಯ ಮರುಚಿತ್ರೀಕರಣದ ಅವಕಾಶ ಕಲ್ಪಿಸುವ ತಿದ್ದುಪಡಿಯನ್ನು ಎಲೆಯ ಮುಂದೆಯೇ ಅಂಗೀಕರಿಸಲಾಯಿತು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ಬಡಾವಣೆಯಲ್ಲಿ ಹಳೆಯ ಕಾಲುವೆಯೊಂದಿದೆ. ಅಲ್ಲಿ ನೀರಿದೆ, ಸೇತುವೆಯಿದೆ, ಇಟ್ಟಿಗೆ ಗೋಡೆಯಿದೆ. ಪ್ರವಾಸಿಗರಿಗಾಗಿ ದೋಣಿಯೂ ಇದೆ. ದೋಣಿಯನ್ನು ದಡದ ಮೇಲಿನ ಹೇಸರಗತ್ತೆ ಎಳೆಯುತ್ತದೆ. ಈ ಕಾರಣ, "ಹೇಸರಗತ್ತೆಯು ಚೌಕಟ್ಟಿನೊಳಗೆ ಬರತಕ್ಕದ್ದಲ್ಲ" ಎಂಬ ಷರತ್ತನ್ನು ಸೇರಿಸಲಾಯಿತು.

"ರೀ, ಹೋಗಿದ್ದೀವಲ್ಲ ನಾವು," ಎಂದಳು ಕಾತ್ಯಾಯಿನಿ, ಮನೆಗೆ ಮರಳುವಾಗ. "ಹೋಗಿರೋ ಊರಿಗೆ ಹೋದ ಹಾಗೆ ನಾಟಕ ಯಾಕೆ ಆಡಬೇಕು?"

ಕೇಶವಮೂರ್ತಿ ಹೆದ್ದಾರಿಯಿಂದ ಕಣ್ಣು ತೆಗೆಯಲಿಲ್ಲ. "ನಿಜ ಹೇಳ್ಲಾ? ನಾನಂತೂ ಏನೂ ನೋಡ್ಲಿಲ್ಲ ಕಾತ್ಯಾಯಿನಿ. ಎಲ್ಲಾ ಕ್ಯಾಮೆರಾದಲ್ಲಿ ಇರುತ್ತೆ ಅಂದ್ಕೊಂಡಿದ್ದೆ."

"ನೋಡಿರೋದು ನಾನು. ನಾನು ಬರಲ್ಲ."

"ಬರಬೇಡ. ಪುಳಿಯೋಗರೆ ಕಳಿಸು."

ಆದರೆ ಬಂದಳು. ಪುಳಿಯೋಗರೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ದಡದ ಬೆಂಚಿನಲ್ಲಿ, ಕ್ಯಾಮೆರಾದ ಹಿಂದೆ ಕೂತಳು. ಈ ಸಲ ಕ್ಯಾಮೆರಾವನ್ನು ಅಲಮೇಲು ಅವರು ನೇಮಿಸಿದ ಒಬ್ಬ ಸದಸ್ಯರು ಹಿಡಿದಿದ್ದರು. ಅಂಬಿಗನ ಪಾತ್ರಕ್ಕೆ ಬೇರೆ ಯಾರ ಹೆಸರೂ ಸೂಚಿತವಾಗದಂತೆ ನೋಡಿಕೊಂಡ ಡಾ. ಸೋಮಲಿಂಗಪ್ಪನವರು ಪಟ್ಟೆಪಟ್ಟೆ ಟೀಶರ್ಟು ಮತ್ತು ಹುಲ್ಲಿನ ಟೋಪಿ ಧರಿಸಿ, ಎಲೆ ಗುಡಿಸುವ ಕುಂಟೆಯನ್ನು ಹುಟ್ಟಿನಂತೆ ಹಿಡಿದು ದೋಣಿಯ ತುದಿಯಲ್ಲಿ ನಿಂತರು. ಅಲಮೇಲು ಅವರು ರೇಷ್ಮೆ ಸೀರೆಯಲ್ಲಿ ಸೇತುವೆಯ ಮೇಲೆ ನಿಂತು, ಅಲ್ಲಿ ಪಾರಿವಾಳಗಳಿಲ್ಲದ್ದರಿಂದ, ಇಲ್ಲದ ಪಾರಿವಾಳಗಳಿಗೆ ಬ್ರೆಡ್ ಎಸೆದರು.

"ಅಮೂಲ್ಯಾ, ಆಶ್ಚರ್ಯ ಪಡು!" ಎಂದು ಸೇತುವೆಯಿಂದ ಆಜ್ಞೆಯಾಯಿತು.

"ಆಂಟಿ, ದಿಸ್ ಈಸ್ ನಾಟ್ ವೆನಿಸ್. ಇಲ್ಲಿ ಮ್ಯೂಲ್ ಇದೆ."

"ಮ್ಯೂಲ್ ನೋಡಬೇಡ ಮರಿ!"

ಅಮೂಲ್ಯಾ ದೋಣಿ ನಿಲ್ಲುವವರೆಗೂ ಹೇಸರಗತ್ತೆಯನ್ನೇ ನೋಡಿದಳು. ಕ್ಯಾಸೆಟ್ಟಿನಲ್ಲಿ ಅವಳ ಎರಡು ಜಡೆಗಳು ಮಾತ್ರ ದಾಖಲಾದವು.

ಎರಡನೆಯ ಪ್ರದರ್ಶನವು ಪರಿಷತ್ತಿನ ಪೂರ್ಣ ಸಭೆಯಲ್ಲಿ ಜರುಗಿ, ಚಪ್ಪಾಳೆಯಲ್ಲಿ ಮುಕ್ತಾಯವಾಯಿತು. ಚೌಕಟ್ಟಿನ ಮೂಲೆಯಲ್ಲಿ ಒಂದು ಉದ್ದನೆಯ ಕಿವಿ ಕಾಣಿಸಿದ್ದನ್ನು ಯಾರೋ ಎತ್ತಿ ತೋರಿಸಿದರು. ಅದನ್ನು ಇಟಲಿಯ ಪ್ರಾಣಿಸಂಪತ್ತು ಎಂದು ನಿರ್ಣಯಿಸಲಾಯಿತು. ಅಲಮೇಲು ಅವರು ದೃಢೀಕರಣವನ್ನು ಓದಿದರು. ನಿಯಮದಂತೆ ಕ್ಯಾಸೆಟ್ಟಿನಲ್ಲಿ ಕಂಡವರೆಲ್ಲರೂ ವೆನಿಸಿಗೆ ಹೋಗಿದ್ದರು: ಕೇಶವಮೂರ್ತಿ, ಡಾ. ಸೋಮಲಿಂಗಪ್ಪನವರು, ಸ್ವತಃ ಅಲಮೇಲು. ಅಮೂಲ್ಯಾ, ಜಡೆಗಳ ಮಟ್ಟಿಗೆ, ಅರ್ಧ ಹೋಗಿದ್ದಳು.

ಕಾತ್ಯಾಯಿನಿ ಎದ್ದು ನಿಂತಳು. ಸಭೆಯಲ್ಲಿ ಅವಳು ಹಾಗೆ ನಿಂತದ್ದು ಅದೇ ಮೊದಲು. ಆದರೆ ಪಾಠ ಮಾಡುವಾಗಿನ ನಿಲುವು ಅವಳಿಗೆ ಮರೆತಿರಲಿಲ್ಲ.

"ಆಂಟಿ, ನಾನು ಹೋಗಿದೀನಾ?"

ಅಲಮೇಲು ಅವರು ಹೆಸರುಗಳ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದರು. "ಇಲ್ಲಮ್ಮ. ಎಲ್ಲೂ ಕಾಣಿಸ್ಲಿಲ್ಲ ನೀನು."

"ಖಂಡಿತ ತಾನೇ?"

"ಖಂಡಿತ. ನೀನು ವೆನಿಸಿಗೆ ಹೋಗೇ ಇಲ್ಲ."

"ಮನೇಲಿ ಒಬ್ಬರು ಹೋಗದೇ ಇದ್ದರೆ ಕುಟುಂಬದ ದೃಢೀಕರಣ ಪೂರ್ತಿ ಆಗುತ್ತಾ, ಡಾಕ್ಟ್ರೇ?"

ಡಾ. ಸೋಮಲಿಂಗಪ್ಪನವರು ನಿಯಮಾವಳಿಯನ್ನು ತಿರುವಿಹಾಕಿದರು. ಆಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ ಕೇಶವಮೂರ್ತಿ ತಾನಾಗಿಯೇ ಎದ್ದು ನಿಂತ.

"ಅದಕ್ಕೇನಮ್ಮ ಯೋಚನೆ," ಎಂದರು ಅಲಮೇಲು. "ಬರೋ ಶನಿವಾರ ಜಾರ್ಜ್‌ಟೌನ್‌ಗೆ ಹೋಗಿ ಒಂದು ಸಲ ಕೈ ಬೀಸಿ ಬಾ."

"ಹೋಗ್ತೀನಿ ಆಂಟಿ. ಆದರೆ ಯಾವ ದಾರೀಲಿ ಹೋಗಬೇಕು ಅಂತ ರೂಲ್ ಇದೆಯಾ?"

ಇರಲಿಲ್ಲ.

"ಹಾಗಾದ್ರೆ ನಾನು ಇಟಲಿ ಕಡೆಯಿಂದ ಹೋಗ್ತೀನಿ."

ನಿಯಮಾವಳಿಯನ್ನು ಮತ್ತೆ ಮೊದಲಿನಿಂದ ತಿರುವಿಹಾಕಲಾಯಿತು. ಕೊನೆಗೆ ಡಾ. ಸೋಮಲಿಂಗಪ್ಪನವರು, ಅದು ವಿಪರೀತ ಸುತ್ತುದಾರಿಯಾದರೂ ನಿಷಿದ್ಧವಲ್ಲ ಎಂದು ತೀರ್ಪಿತ್ತರು. ಕೇಶವಮೂರ್ತಿ ತಾನೂ ಬರುವುದಾಗಿ ಹೇಳಿದ. ದೃಢಪಟ್ಟ ವ್ಯಕ್ತಿ ಅದೇ ಊರಿಗೆ ಮತ್ತೆ ಹೋಗುವುದು ಉಪಸಮಿತಿಯ ಮೇಲೆ ಅವಿಶ್ವಾಸ ತೋರಿದಂತೆ ಎಂದು ಅವನ ಕೋರಿಕೆಯನ್ನು ತಳ್ಳಿಹಾಕಲಾಯಿತು. ಅಮೂಲ್ಯಾ ಉಳಿದರ್ಧ ಹೋಗಲು ಅರ್ಹಳೆಂದು ಕಂಡುಬಂತು. ಕ್ಯಾಸೆಟ್ ಈಗಾಗಲೇ ದೃಢಪಟ್ಟಿದ್ದುದರಿಂದ, ಕ್ಯಾಮೆರಾ ಒಯ್ಯುವ ಅಗತ್ಯವಿಲ್ಲವೆಂದೂ ತೀರ್ಮಾನವಾಯಿತು. ಕಾತ್ಯಾಯಿನಿ ಹೋಗಲು ಒಪ್ಪಿದಲ್ಲಿಗೇ ಕುಟುಂಬದ ದೃಢೀಕರಣ ಪೂರ್ತಿಯಾಯಿತೆಂದು ಪರಿಗಣಿಸಿ, ಕೇಶವಮೂರ್ತಿಯನ್ನು ಜಂಟಿ ಕಾರ್ಯದರ್ಶಿಯೆಂದು ಘೋಷಿಸಲಾಯಿತು.

"ಹೋಗಿ ಬಾ," ಎಂದ ಜಂಟಿ ಕಾರ್ಯದರ್ಶಿ ಕೇಶವಮೂರ್ತಿ, ಕುರ್ಚಿಯಲ್ಲಿ ಕೂರುತ್ತ. ಆಮೇಲೆ, ಬೇರೆ ಯಾರಿಗೂ ಕೇಳಿಸದಂತೆ, "ಬಂದು ಹೇಗಿತ್ತು ಅಂತ ಹೇಳು," ಎಂದ.

ಮರುವರ್ಷದ ಬೇಸಿಗೆಯಲ್ಲಿ ಪರಿಷತ್ತಿನ ಹಲವಾರು ಕುಟುಂಬಗಳು ವೆನಿಸಿಗೆ ಹೋಗಿ ಸಂಜೆಯ ಊಟದ ಹೊತ್ತಿಗೆ ಮರಳಿದವು. ಅದೇ ಜುಲೈನಲ್ಲಿ ತಾಯಿಮಗಳಿಬ್ಬರು ವಿಮಾನ ಹತ್ತಿ ಸುತ್ತುದಾರಿ ಹಿಡಿದರು. ವಿಷಯ ತಿಳಿದ ಎಲ್ಲರೂ, ಪಾಪ, ಅಷ್ಟು ಹತ್ತಿರದ ಊರಿಗೆ ಅಷ್ಟು ದೂರ ಸುತ್ತಿಕೊಂಡು ಹೋಗುವ ಗತಿ ಬಂತಲ್ಲ ಎಂದು ಮರುಗಿದರು.

ಇದನ್ನು ಓದಿದವರು ಪ್ರತಿ ಮಾಡಿಸಿ ಮುಂದಿನ ಕನ್ನಡ ಮನೆಗೆ ತಲುಪಿಸಬೇಕಾಗಿ ಕೋರಿಕೆ. ಅಟ್ಲಾಂಟಾ, ಕೆರೊಲಿನಾಗಳ ಬಾಂಧವರೂ ತಮ್ಮ ಸಮೀಪದ ಕಾಲುವೆಗಳನ್ನು ಗುರುತಿಸಿಟ್ಟುಕೊಳ್ಳುವುದು ಒಳಿತು. ಈ ಪ್ರತಿಯು ಇಟಲಿಯಲ್ಲಿರುವ ಕನ್ನಡಿಗರ ಕೈಸೇರಿದರೆ ಅವರಲ್ಲಿ ಒಂದು ವಿಶೇಷ ವಿನಂತಿ: ಅಲ್ಲಿಯ ಯಾವುದೋ ಕಾಲುವೆಯ ಕೊನೆಯ ಮೆಟ್ಟಿಲಲ್ಲಿ ಹೆಂಗಸೊಬ್ಬಳು ನೀರಿಗೆ ಕಾಲು ಇಳಿಬಿಟ್ಟು, ಪಕ್ಕದ ಹುಡುಗಿಗೆ ಏನನ್ನೋ ಕಲಿಸುತ್ತ, ನಡುನಡುವೆ ಜೋರಾಗಿ ನಗುತ್ತಿರುವುದು ಕಂಡರೆ ದಯವಿಟ್ಟು ಚಿತ್ರೀಕರಿಸಬಾರದು. ದಾಖಲೆಯ ಪ್ರಕಾರ ಆಕೆ ಜಾರ್ಜ್‌ಟೌನ್‌ನಲ್ಲಿದ್ದಾಳೆ.