ಎಂಟುನೂರು ರುಜು, ಒಂದೇ ಕೈ

"ಇದನ್ನೆಲ್ಲಾ ನೀನೇ ಕೂತ್ಕೊಂಡ್ ಬರೆದ್ಯಾ?" ಎಂದು ನೂಬಿಯಾ ಬೆಳಗಿನ ಕಾಫಿ ಇಡುತ್ತ ಮೇಜಿನ ಮೇಲಿದ್ದ ರುಜು ಹಾಳೆಗಳನ್ನು ನೋಡಿ ಗಂಡನನ್ನು ಕೇಳಿದಳು. ಎಲಿಯೆಸೆರನ ಅಂದಿನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಎಲಿಯೆಸೆರ್ ಸಾಂತಾ ಬ್ರಿಹಿದಾ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡುವವನು. ರಿಪೇರಿಗೆಂದು ಕೊಟ್ಟದ್ದನ್ನು ನಿಜವಾಗಿಯೂ ಸರಿ ಮಾಡಿಬಿಡುತ್ತಿದ್ದ. ಹಾಗಾಗಿ ಅಂಗಡಿಯವರಿಗೆ ಅವನೆಂದರೆ ಅಷ್ಟಕ್ಕಷ್ಟೇ. ಇಂಥವನು ಈ ಸಲ ಮೇಯರ್ ಚುನಾವಣೆಗೆ ಪಕ್ಷೇತರನಾಗಿ ನಿಲ್ಲಲು ಹೊರಟಿದ್ದ. ಕಾರಣ ದೋನ್ ಲಿಸಾಂದ್ರೊ. ಮೂವತ್ತು ವರ್ಷ ಹುಂಜದ ಗುರುತಿನ ಪಕ್ಷದಲ್ಲಿ ಉಂಡು ತೇಗಿದ ಆಸಾಮಿ, ಪಕ್ಷದ ಹೆಸರು ಕೆಟ್ಟದ್ದೇ ತಡ, ಬಾಗಿಲ ಮೇಲಿನ ಹುಂಜವನ್ನು ಕಿತ್ತು ಹಿತ್ತಿಲಿಗೆಸೆದು 'ನಾನು ಯಾವ ಪಕ್ಷದವನೂ ಅಲ್ಲ' ಎಂದು ಬೋರ್ಡು ಹಾಕಿಸಿ ತಾನೂ ಮೇಯರ್ ಸ್ಥಾನಕ್ಕೆ ಪಕ್ಷೇತರನಾಗಿ ನಿಂತಿದ್ದ. ಎಲಿಯೆಸೆರನಿಗೆ ಹೊಟ್ಟೆ ಉರಿಯಿತು. ಊರಿಗೊಬ್ಬನಾದರೂ ನಿಜವಾದ ಪಕ್ಷೇತರ ಬೇಡವೇ?

ಪಕ್ಷವಿಲ್ಲದವನಿಗೆ ಎಂಟುನೂರು ಜನ ರುಜು ಹಾಕಿಕೊಡಬೇಕು. ಅಂದು ಸಂಜೆ ಐದಕ್ಕೆ ಗಡುವು. ಮೂರು ವಾರ ಮನೆಮನೆ ಸುತ್ತಿ ಏಳುನೂರ ಎಪ್ಪತ್ತು ಕೂಡಿಸಿದ್ದ. ಎಣಿಸಿದ್ದನೇ ಹೊರತು ಒಂದನ್ನೂ ಕಣ್ಣಿಟ್ಟು ನೋಡಿರಲಿಲ್ಲ.

"ನಾನ್ಯಾಕ್ ಬರೀಲಿ? ಜನ ನನ್ ಕಣ್ಣೆದುರಿಗೇ ಹಾಕಿದ್ದು."

"ಒಂಚೂರು ಸರಿಯಾಗ್ ನೋಡು."

ನೋಡಿದ. ಕಟುಕನ ಹೆಸರು, ಪಾದ್ರಿಯ ಅಡುಗೆಯವಳ ಹೆಸರು, ದೋಣಿಯವನ ಹೆಸರು. ಎಲ್ಲದರಲ್ಲೂ ಅಕ್ಷರಗಳು ಬಲಕ್ಕೆ ಒಂದೇ ಅಳತೆಯಲ್ಲಿ ವಾಲಿದ್ದವು. ಎಲ್ಲದರ ಕೊನೆಗೂ ಹಂದಿಮರಿಯ ಬಾಲದಂಥ ಒಂದೇ ಸುರುಳಿ.

ಉಳಿದ ಮೂವತ್ತನ್ನಾದರೂ ಬೇರೆ ಬೇರೆಯಾಗಿ ಬರೆಸೋಣವೆಂದು ಗೆಳೆಯ ಓವಿದಿಯೊನ ಬೈಕ್ ಶೆಡ್ಡಿಗೆ ಓಡಿದ.

"ದೋಸ್ತಾ, ನಿಂಗೆ ಕೈಮುಗೀತೀನಿ, ಸೊಟ್ಟಸೊಟ್ಟಗೆ ಬರಿ."

"ಅದೇನ್ ಮಹಾ! ನಾನ್ ಬರೆಯೋದೇ ಸೊಟ್ಟ," ಎಂದು ನಗುತ್ತ ಓವಿದಿಯೊ ಪೆನ್ನು ಹಿಡಿದ. ಹಿಡಿದದ್ದೇ ನಗು ನಿಂತಿತು. ಗೂನುಬೆನ್ನು ಸೆಟೆದು ನೇರವಾಯಿತು. ಎಡಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಗ್ರೀಸು ಮೆತ್ತಿದ ಶೆಡ್ಡಿನೊಳಗೆ ಎಲ್ಲಿಂದಲೋ ಸೀಮೆಸುಣ್ಣದ ವಾಸನೆ ಬಂತು. ಅಕ್ಷರಗಳು ಬಲಕ್ಕೆ ವಾಲಿದವು, ಕೊನೆಗೆ ಸುರುಳಿ ಬಿತ್ತು.

"ಸೊಟ್ಟಗೇ ಬರೆಯೋಕ್ ಹೋದೆ ಮಾರಾಯ," ಅವನ ದನಿ ಇಳಿದಿತ್ತು. "ಕೈ ಕೇಳ್ಲಿಲ್ಲ."

ಅಷ್ಟರಲ್ಲಿ ಬೀದಿಯೇ ನೆರೆದಿತ್ತು. ಈ ಊರಲ್ಲಿ ಒಬ್ಬ ಸೀನಿದರೆ ಹತ್ತು ಜನ ಕಷಾಯ ಹೇಳುತ್ತಾರೆ. ಜೋಳದ ರೊಟ್ಟಿ ಮಾರುವ ದೋನ್ಯಾ ಇಲ್ದಾ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದಳು.

"ಗಂಡಸ್ರಿಗೆ ಬುದ್ಧಿ ಎಲ್ಲಿದೆ? ಎಡಗೈಲಿ ಬರೆದ್ರಾಯ್ತಪ್ಪ!"

ಎಡಗೈಯಲ್ಲಿ ಪೆನ್ನು ಕಾಗದಕ್ಕೆ ತಾಗಿಸಿದ್ದಳಷ್ಟೆ, ಚಟ್ ಎಂದು ಸದ್ದಾಯಿತು. "ಅಯ್ಯಮ್ಮಾ! ಯಾರೋ ಹೊಡೆದ್ರು!" ಎಂದು ಚೀರಿ ಕೈ ಎತ್ತಿದಳು. ಗೆಣ್ಣುಗಳ ಮೇಲೆ ಕೆಂಪು ಬರೆ ಎದ್ದಿತ್ತು. ಹತ್ತಿರ ಯಾರೂ ಇರಲಿಲ್ಲ.

ಆ ಬರೆ ಎಲ್ಲರಿಗೂ ಪರಿಚಯವಿತ್ತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕ್ರಿಸ್ಪುಲಾ ಟೀಚರ್," ಎಂದು ಓವಿದಿಯೊ ಪಿಸುಗುಟ್ಟಿದ, ಬೀದಿಯೆಲ್ಲ ಶಿಲುಬೆ ಗುರುತು ಹಾಕಿಕೊಂಡಿತು. ನಲವತ್ತೊಂದು ವರ್ಷ ಇಡೀ ಊರಿಗೆ ರೂಲುದೊಣ್ಣೆ ಹಿಡಿದು ಅಕ್ಷರ ತಿದ್ದಿಸಿದವಳು. ಮಣ್ಣಾಗಿ ಒಂಬತ್ತು ವರ್ಷವಾಗಿತ್ತು. ರಿಟೈರ್ ಆದಂತೆ ಕಾಣಲಿಲ್ಲ.

"ದೋನ್ ಲಿಸಾಂದ್ರೊ ಸಿಟೀಲಿ ನಲವತ್ತು ಜನರನ್ನ ಕೂರಿಸಿ ಸುಳ್ಳು ರುಜು ಬರೆಸಿದ್ನಂತೆ," ಎಂದಳು ದೋನ್ಯಾ ಇಲ್ದಾ, ಗೆಣ್ಣು ಊದಿಕೊಳ್ಳುತ್ತ. "ನೀನೂ ಹಂಗೇ ಮಾಡು."

"ಆಮೇಲೆ ನಾನ್ ನಿಂತ್ರೇನು, ಅವನ್ ನಿಂತ್ರೇನು?" ಎಂದ ಎಲಿಯೆಸೆರ್. ನೆರೆದವರಿಂದ ಬಾಕಿ ರುಜುಗಳನ್ನು ಅದೇ ವಾಲು ಕೈಬರಹದಲ್ಲೇ ಬರೆಸಿಕೊಂಡು ಕಚೇರಿಗೆ ನಡೆದ.

ಚುನಾವಣಾ ಕಚೇರಿಯಲ್ಲಿ ಅಧಿಕಾರಿ ವಿಲ್ಮರ್ ಇದ್ದ, ಅದೇ ಊರಿನ ಬೇಕರಿಯವನ ಮಗ. ಪಕ್ಕದಲ್ಲಿ ರಾಜಧಾನಿ ಬೊಗೊತಾದಿಂದ ಬಂದ ಕೈಬರಹ ತಜ್ಞೆ, ಭೂತಗನ್ನಡಿ ಹಿಡಿದು. ದೋನ್ ಲಿಸಾಂದ್ರೊ ಆಗಲೇ ಪಾಸಾಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಎಷ್ಟು ಬಗೆಬಗೆ ಕೈಗಳು! ಒಂದರ ಹಾಗೆ ಇನ್ನೊಂದಿಲ್ಲ," ಎಂದು ತಜ್ಞೆ ಅವನ ಕಂತೆಯನ್ನು ಇನ್ನೂ ಹೊಗಳುತ್ತಿದ್ದಳು.

ಎಲಿಯೆಸೆರನ ಕಂತೆ ತೆರೆದಳು. ಹಾಳೆ ತಿರುವಿದಂತೆ ಅವಳ ಮುಖ ಬಿಳಿಚಿತು.

"ಇವೆಲ್ಲ ಒಬ್ಬರೇ ಬರೆದದ್ದು."

"ಅಲ್ಲ ಮೇಡಂ, ನಮ್ ಟೀಚರ್ರು... ತೀರ್ಕೊಂಡಿದಾರೆ..."

"ಸತ್ತವರು ಬರೆದದ್ದು ಅಂತೀರಾ? ಹಾಗಿದ್ರೆ ಇನ್ನೂ ಕೆಟ್ಟದಾಯ್ತು. ಸತ್ತವರ ರುಜು ನಡೆಯಲ್ಲ."

ಆಗ ವಿಲ್ಮರ್ ಎದ್ದು ನಿಂತ. ಒಂದು ಖಾಲಿ ಹಾಳೆ ತೆಗೆದು, ಎಡಗೈ ಬೆನ್ನ ಹಿಂದಿಟ್ಟು, ತನ್ನ ಹೆಸರು ಬರೆದು ಅವಳ ಮುಂದೆ ಸರಿಸಿದ. ಅದೇ ವಾಲು, ಅದೇ ಸುರುಳಿ. "ನಾನೂ ಅವರ ಶಾಲೆಯವನೇ, ಮೇಡಂ."

ತಜ್ಞೆ ಆ ಹಾಳೆಯನ್ನು ಕಂತೆಯ ಪಕ್ಕಕ್ಕಿಟ್ಟು ಹೋಲಿಸಿದಳು. ಆಮೇಲೆ ಕುರ್ಚಿಯನ್ನು ಗೋಡೆಗೆ ಒತ್ತಿಕೊಂಡು, "ಒಪ್ಪಿದೆ. ಎಲ್ಲಾ ರುಜು ಅಸಲಿ," ಎಂದಳು. ದೋನ್ ಲಿಸಾಂದ್ರೊನ ಕಾಲು ಕೆಳಗಿಳಿಯಿತು. ಎಲಿಯೆಸೆರನಿಗೆ ಅಳುವೇ ಬಂತು. ಸತ್ಯಕ್ಕೆ ಒಂದು ಬೆಲೆ ಇದೆಯಲ್ಲ ಎಂದು ಎದೆ ತುಂಬಿಬಂತು.

"ಇನ್ನೊಂದೇ ಬಾಕಿ, ದೋನ್ ಎಲಿಯೆಸೆರ್," ವಿಲ್ಮರ್ ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷವಿತ್ತು. "'ನಾನು ಯಾವ ಪಕ್ಷದವನೂ ಅಲ್ಲ' ಅಂತ ನಿಮ್ಮ ಕೈಯಾರೆ ಬರೆದ್ಬಿಡಿ."

ಶಾಲೆ ಬಿಟ್ಟ ಮೇಲೆ ಎಲಿಯೆಸೆರ್ ತನ್ನ ಹೆಸರಲ್ಲದೆ ಒಂದು ಪೂರ್ತಿ ವಾಕ್ಯ ಬರೆದವನೇ ಅಲ್ಲ. ಪೆನ್ನು ಹಿಡಿದ. ಬೆನ್ನು ಸೆಟೆಯಿತು. ಸೀಮೆಸುಣ್ಣದ ವಾಸನೆ ಈ ಸಲ ಕಿವಿಯ ಪಕ್ಕದಲ್ಲೇ ಬಂತು, ಯಾರೋ ಬಗ್ಗಿ ನೋಡುತ್ತಿರುವ ಹಾಗೆ. ಕೈ ನಿಧಾನವಾಗಿ, ಮುದ್ದಾಗಿ ಬರೆಯಿತು: 'ಹುಂಜದ ಪಕ್ಷಕ್ಕೇ ಜಯವಾಗಲಿ.'

"ಅಯ್ಯೋ ದೇವ್ರೇ," ಎಂದ ವಿಲ್ಮರ್ ಸಣ್ಣಗೆ. "ಟೀಚರ್ರು ಕಪ್ಪು ಹಲಗೆ ಮೇಲೆ ದಿನಾ ಬರೆಸ್ತಿದ್ದ ಸಾಲು. ಅವರು ಬೇರೆ ಸಾಲು ಕಲಿಸ್ಲೇ ಇಲ್ಲ."

ಇನ್ನೊಂದು ಹಾಳೆ ಕೊಟ್ಟರು. ಹುಂಜಕ್ಕೇ ಜಯವಾಯಿತು. ಮತ್ತೊಂದು ಕೊಟ್ಟರು. ಎಲಿಯೆಸೆರ್ ಹಲ್ಲು ಕಚ್ಚಿ ಪೆನ್ನನ್ನು ಅತ್ತ ಎಳೆದ, ಚಟ್, ಚಟ್ ಎಂದಿತು, ಗೆಣ್ಣು ಕೆಂಪಾದವು, ಅಕ್ಷರ ಮಾತ್ರ ಒಂದಿಷ್ಟೂ ಕದಲಲಿಲ್ಲ. ಗೋಡೆಯ ಗಡಿಯಾರ ಐದು ಹೊಡೆಯಿತು.

ಕ್ರಿಸ್ಪುಲಾ ಟೀಚರ್ ಕೈಗೆ ಸಿಗದೆ ಚಿಕ್ಕಂದಿನಿಂದಲೇ ಸಿಟಿಯ ಹಾಸ್ಟೆಲಿನಲ್ಲಿದ್ದು ಓದಿ ಬಂದಿದ್ದ ದೋನ್ ಲಿಸಾಂದ್ರೊ ಎದ್ದು ಬಂದು, ಮೂರು ಹಾಳೆಗಳನ್ನೂ ಒಂದೊಂದಾಗಿ ಓದಿದ. ತುಂಬ ನೊಂದವನಂತೆ ಎಲಿಯೆಸೆರನ ಹೆಗಲ ಮೇಲೆ ಕೈಯಿಟ್ಟ.

"ಜನ ಪಕ್ಷದವ್ರನ್ನ ನೋಡಿ ನೋಡಿ ಬೇಸತ್ತಿದಾರೆ ತಮ್ಮಾ," ಎಂದ. "ನೀನೂ ಬಿಟ್ಬಿಡು. ನನ್ ನೋಡು, ನಾನ್ ಯಾವಾಗ್ಲೋ ಬಿಟ್ಟೆ."