ಹೆಸರಿಲ್ಲದವರ ಎಣ್ಣೆಗಾಯಿ

ಹೆಸರು ಮುಚ್ಚಿಟ್ಟುಕೊಂಡು ಮಾತಾಡುವುದರಲ್ಲಿ ಒಂದು ಸುಖವಿದೆ. ಎದುರಿಗೆ ನಿಂತು "ಸ್ವಾಮಿ, ನಿಮ್ಮ ಭಾಷಣ ಉದ್ದವಾಯಿತು" ಎನ್ನಲು ನನಗೆ ಬಾಯಿ ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಕೆಮ್ಮಲು ಬರುತ್ತದೆ. ಇಂಥ ಪುಕ್ಕಲನಿಗೆ ದೇವರು ತಕ್ಕ ನೌಕರಿಯನ್ನೇ ಕೊಟ್ಟಿದ್ದಾನೆ. ಮಾದಾಪುರದ ನಮ್ಮ ಆಫೀಸಿನಲ್ಲಿ ತಯಾರಾಗುವುದು ಹೆಸರು ಹೇಳದ ಡಿಜಿಟಲ್ ಗುರುತುಚೀಟಿ. ಮೊಬೈಲಿನಲ್ಲಿ ಅದನ್ನು ತೋರಿಸಿದರೆ "ಈತ ನಮ್ಮ ಸದಸ್ಯ" ಎಂಬುದಷ್ಟೇ ತಿಳಿಯಬೇಕು. ಯಾವ ಸದಸ್ಯ ಎಂಬುದು ಚೀಟಿ ಕೊಟ್ಟವರಿಗೂ ತಿಳಿಯಬಾರದು. ಅದರ ಹಿಂದೆ ಭಾರೀ ಗಣಿತವಿದೆ. ಆ ಗಣಿತದಲ್ಲಿ ಗುಟ್ಟು ಸೋರುವ ತೂತು ಹುಡುಕುವುದೇ ನನ್ನ ಕೆಲಸ. ಹೆಸರು ಮುಚ್ಚಿ ಊರು ಬಿಟ್ಟುಕೊಟ್ಟಿರಿ ಅನ್ನಿ, ಆ ಊರಿನವನು ಗುಂಪಿನಲ್ಲಿ ಒಬ್ಬನೇ ಇದ್ದರೆ ಮುಗಿಯಿತು ಕಥೆ. ಇದನ್ನೆಲ್ಲ ಹೆಂಡತಿಗೆ ಬಿಡಿಸಿ ಹೇಳಿದರೆ ಸರೋಜಾ, "ಹೆಸರು ಹೇಳಾಕ ಅಂಜಿಕಿ ಇದ್ದರ ಬಾಯಿ ಮುಚ್ಚಿಕೊಂಡು ಕುಂದರಬೇಕ್ರಿ. ಅದಕ್ಕ್ಯಾಕ ಇಷ್ಟು ಪಗಾರ?" ಎಂದಳು.

ನನ್ನದು ತುಮಕೂರು ಕಡೆ. ಸರೋಜಾಳ ತವರಿನವರು ವಿಜಾಪುರ ಕಡೆಯಿಂದ ಬಂದು ಈ ಹೊರನಾಡಿನ ಊರಿನ ಕಾಚಿಗೂಡದಲ್ಲಿ ನೆಲೆಸಿದವರು. ಅಲ್ಲಿನ ಕನ್ನಡ ಬಳಗ ತಿಂಗಳಿಗೊಂದು ಭಾನುವಾರ ಸೇರುತ್ತದೆ. ಊಟದ ಉಸ್ತುವಾರಿ ನಮ್ಮ ಜೊತೆಗೇ ಇರುವ ಅತ್ತೆಯವರದು. ಮಾವನವರು ತೀರಿಕೊಂಡ ಮೇಲೆ ಗೋಡೆ ನೋಡುತ್ತ ಕೂತಿದ್ದ ಅವರನ್ನು ಎಬ್ಬಿಸಿ ನಿಲ್ಲಿಸಿದ್ದೇ ಆ ಭಾನುವಾರದ ಒಲೆ. ರೊಟ್ಟಿ ಹೂವಿನಂತಿರುತ್ತದೆ, ಬದನೆಕಾಯಿ ಎಣ್ಣೆಗಾಯಿಯ ಘಮ ರಸ್ತೆಗೆ ಬರುತ್ತದೆ. ಆದರೆ ಖಾರ! ಅಯ್ಯಪ್ಪಾ, ಅದು ಖಾರವಲ್ಲ, ಶಿಕ್ಷೆ. ಒಂದು ತುತ್ತಿಗೆ ನನ್ನ ಕಿವಿಯಲ್ಲಿ ಗುಂಯ್ ಎನ್ನತೊಡಗುತ್ತದೆ. ಉಳಿದವರೆಲ್ಲ "ಭಾಳ ಛಲೋ ಆಗೈತ್ರಿ ಅಕ್ಕಾರ" ಎಂದು ಚಪ್ಪರಿಸುವಾಗ ನಾನು ಮಜ್ಜಿಗೆಯ ಲೋಟದಲ್ಲಿ ಮುಖ ಮರೆಸಿಕೊಂಡಿರುತ್ತೇನೆ. ಅತ್ತೆಯವರಿಗೆ ಹೇಳುವ ಧೈರ್ಯ ಮಾತ್ರ ಮದುವೆಯಾದಾಗಿನಿಂದ ಬಂದಿಲ್ಲ.

ಬಳಗದ ಅಧ್ಯಕ್ಷರಾದ ಪಾಟೀಲರು ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕಾರಿಗೆ ವಯಸ್ಸಾತು. ಅಡಗಿ ಹೊರಗಿನವರಿಗೆ ಕೊಡೂಣೋ, ಅವರ ಮಾಡಲೋ, ಮಂದೀನ್ನ ಕೇಳಬೇಕಲ್ರಿ? ಅವರ ಎದುರಿಗೆ ಯಾರೂ ಬಾಯಿ ಬಿಡಂಗಿಲ್ಲ" ಎಂದರು. ನನ್ನ ಹುರುಪು ಕೇಳಬೇಕೆ? "ನಮ್ಮ ಚೀಟಿ ಇದೆಯಲ್ಲ ಸಾರ್!" ಎಂದೆ. ಎಲ್ಲರ ಮೊಬೈಲಿಗೂ ಒಂದೊಂದು ಗುರುತುಚೀಟಿ ಹಾಕಿ, ಅದನ್ನು ತೋರಿಸಿ ಹೆಸರಿಲ್ಲದೆ ಅಭಿಪ್ರಾಯ ಬರೆಯುವಂತೆ ಮಾಡಿಕೊಟ್ಟೆ. ಊರು ತೆಗೆದೆ, ವಯಸ್ಸು ತೆಗೆದೆ, ಯಾರು ಮೊದಲು ಬರೆದರು ಎಂದು ತಿಳಿಯದಂತೆ ಉತ್ತರಗಳೆಲ್ಲ ಕಲಸಿಹೋಗುವ ಏರ್ಪಾಟು ಮಾಡಿದೆ. ಒಂದು ತೂತೂ ಉಳಿಯಲಿಲ್ಲ ಎಂದು ಖಾತ್ರಿಯಾದ ಮೇಲೆ ನಾನೂ ಬರೆದೆ: "ಖಾರ ವಿಪರೀತ. ಹೊರಗಿನವರಿಗೆ ಕೊಡುವುದು ವಾಸಿ." ಎಷ್ಟೋ ವರ್ಷದ ಉರಿ ತಣ್ಣಗಾದಂತಾಯಿತು.

ಬಳಗ ಸೇರಿದ ಮುಂದಿನ ಭಾನುವಾರ ಪಾಟೀಲರು ಉತ್ತರಗಳನ್ನು ಗಟ್ಟಿಯಾಗಿ ಓದಲು ನಿಂತರು. ಅತ್ತೆಯವರು ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದರು. ಮೊದಲನೆಯದು: "ಅಕ್ಕಾರ ಕೈಯಾಗ ಅಮೃತ ಐತಿ. ಅವರ ಮಾಡಲಿ. ಇಂತಿ ತಮ್ಮ ವಿಶ್ವಾಸಿ, ಬಸವರಾಜ, ಸಾಕಿನ್ ಇಂಡಿ, ಹಾಲಿ ವಸ್ತಿ ಕಾಚಿಗೂಡ." ಎರಡನೆಯದಕ್ಕೂ ಹೆಸರಿತ್ತು, ಮೂರನೆಯದಕ್ಕೆ ತಂದೆಯ ಹೆಸರೂ ಇತ್ತು. "ಹೆಸರು ಯಾಕೆ ಬರೆದಿರಿ?" ಎಂದು ನಾನು ಕೂತಲ್ಲಿಂದಲೇ ಕೂಗಿದೆ. "ಹಿರೇರಿಗೆ ನಾಕು ಮಾತು ಬರದು ಕೆಳಗ ಹೆಸರು ಹಾಕದಿರಾಕ ನಾವೇನು ಕಳ್ಳರೇನ್ರಿ?" ಎಂದರು ಪಾಟೀಲರು. ಹೀಗೆ ಬಳಗದವರೆಲ್ಲ ಒಬ್ಬೊಬ್ಬರಾಗಿ ಬೆಳಕಿಗೆ ಬಂದು ನಿಂತ ಮೇಲೆ ಕೊನೆಗೊಂದು ಉತ್ತರ ಉಳಿಯಿತು. ಅದಕ್ಕೆ ಹೆಸರಿರಲಿಲ್ಲ. ಪಾಟೀಲರು ಅದನ್ನು ಓದಿ ಮುಗಿಸುವಷ್ಟರಲ್ಲಿ ಇಡೀ ಸಭೆ ನನ್ನ ಕಡೆ ತಿರುಗಿತ್ತು. ಅಡಗಿಕೊಳ್ಳಲು ಜೊತೆಗೆ ಜನ ಬೇಕು ಎಂಬುದನ್ನು ನಾನು ಆಫೀಸಿನಲ್ಲಿ ದಿನಾ ಪಾಠ ಮಾಡುತ್ತೇನೆ.

ಮನೆಗೆ ಬಂದ ಮೇಲೆ ಅತ್ತೆಯವರು ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು. "ಖಾರ ಆಗಿದ್ದರ ನನ್ನ ಮುಂದ ಹೇಳಬಾರದಾಗಿತ್ತೇನ್ರಿ? ಹೆಸರು ಮುಚ್ಚಿ ಬರಿಯೂವಷ್ಟು ನಾ ಹೊರಗಿನಾಕಿ ಆದೆನೇನು?" ಎಂದರು. ಆಮೇಲೆ ಮೆಲ್ಲಗೆ, "ಇನ್ನ ನಾ ಅಲ್ಲಿ ಒಲಿ ಮುಂದ ನಿಂದ್ರಂಗಿಲ್ಲ ಬಿಡ್ರಿ" ಎಂದು ಒಳಗೆ ಹೋದರು. ನನಗೆ ನಿಜವಾಗಿ ಸಂಕಟವಾಯಿತು. ಬಾಗಿಲ ಹೊರಗೆ ನಿಂತು ತಪ್ಪಾಯಿತು ಎಂದೆ, ಒಳಗಿನಿಂದ ಚಿಲಕ ಬಿತ್ತು. ಸರೋಜಾ ಮಾತು ಬಿಟ್ಟಳು. ಆ ತಿಂಗಳು ಅತ್ತೆಯವರು ಮತ್ತೆ ಗೋಡೆ ನೋಡುತ್ತ ಕೂತರು. ಕೊನೆಗೆ ಪಾಟೀಲರು ಹೆಂಡತಿಯನ್ನು ಕರೆದುಕೊಂಡು ಮನೆಗೇ ಬಂದು, "ಮಂದಿ ಮಾತು ನೀವ ಕೇಳೀರಲ್ರಿ ಅಕ್ಕಾರ. ನೀವು ಬರದಿದ್ದರ ಊಟಾನ ಇಲ್ಲ" ಎಂದು ಹಟ ಹಿಡಿದರು. ಅತ್ತೆಯವರು ಎದ್ದರು.

ಮತ್ತೆ ಬಳಗ ಸೇರಿದ ಭಾನುವಾರ ದೊಡ್ಡ ಪಾತ್ರೆಯ ಪಕ್ಕದಲ್ಲಿ ಒಂದು ಸಣ್ಣ ಪಾತ್ರೆ ಇತ್ತು. ಅದರ ಮೇಲೆ ಅತ್ತೆಯವರ ಕೈಬರಹ: "ಹೆಸರಿಲ್ಲದವರಿಗೆ. ಖಾರ ಕಡಿಮೆ." ಬಂದವರೆಲ್ಲ ಓದಿ ಓದಿ ನಕ್ಕರು. ನಾನು ಅವಮಾನದಿಂದ ಬಾಲ್ಕನಿಗೆ ಹೋಗಿ, ಎಲ್ಲರೂ ಬಡಿಸಿಕೊಂಡು ಕೂತ ಮೇಲೆ ಮೆಲ್ಲಗೆ ಬಂದು ನೋಡುತ್ತೇನೆ, ಸಣ್ಣ ಪಾತ್ರೆ ಬಳಿದಿಟ್ಟಂತೆ ಖಾಲಿ! ದೊಡ್ಡ ಪಾತ್ರೆ ಅರ್ಧವೂ ಇಳಿದಿಲ್ಲ. ತಿರುಗಿ ನೋಡಿದೆ. ಪಾಟೀಲರು ಫ್ಯಾನು ನೋಡುತ್ತಿದ್ದರು. ಇಂಡಿ ಊರಿನ ಬಸವರಾಜರು ರೊಟ್ಟಿ ಮುರಿಯುವುದರಲ್ಲಿ ಮಗ್ನರಾಗಿದ್ದರು. ಎಲ್ಲರ ತಟ್ಟೆಯಲ್ಲೂ ಎಣ್ಣೆಗಾಯಿ ಒಂದೇ ಬಣ್ಣದಲ್ಲಿತ್ತು. ಯಾರು ಯಾವ ಪಾತ್ರೆಯದು ಹಾಕಿಕೊಂಡರೆಂದು ಕಂಡುಹಿಡಿಯಲು ನನ್ನ ಯಾವ ಗಣಿತದಿಂದಲೂ ಆಗಲಿಲ್ಲ.

ಹಸಿವು ತಡೆಯಲಾರದೆ ದೊಡ್ಡ ಪಾತ್ರೆಯದನ್ನೇ ಹಾಕಿಕೊಂಡೆ. ಎರಡನೇ ತುತ್ತಿಗೆ ಕಣ್ಣು ಮೂಗು ಒಟ್ಟಿಗೆ ಸುರಿಯತೊಡಗಿದವು. ಅದನ್ನು ಕಂಡು ಅತ್ತೆಯವರು ಓಡಿ ಬಂದರು. ಅವರ ಕಣ್ಣಲ್ಲೂ ನೀರು. "ಅಯ್ಯ, ಹಿಂಗ್ಯಾಕ ಅಳತೀರ್ರಿ? ಬಿಡ್ರಿ, ನಾ ಆವಾಗನ ಮರತೀನಿ" ಎಂದು ಎಲ್ಲರೆದುರು ನನ್ನ ಬೆನ್ನು ಸವರಿ, ಪ್ರೀತಿಯಿಂದ ಇನ್ನೂ ಎರಡು ಸೌಟು ಬಡಿಸಿದರು. ಬೇಡ ಎನ್ನಲು ನನ್ನ ನಾಲಿಗೆ ನನ್ನ ವಶದಲ್ಲಿರಲಿಲ್ಲ.